ಚೀಲದ ತೂಕ ಕಳೆದು

ಕೊಯ್ಲು ಮುಗಿದು, ಒಕ್ಕಣೆಯೂ ಮುಗಿದು, ಬಯಲಿನಲ್ಲಿ ಬರೀ ಕೂಳೆ ಉಳಿದಿದ್ದ ಚಳಿಗಾಲ. ಬೆಳಗಿನ ಮಂಜು ಉಗ್ರಾಣದ ತಗಡಿನ ಮಾಡಿನಿಂದ ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಗಾಡಿಗಳೂ ಟ್ರ್ಯಾಕ್ಟರುಗಳೂ ಬಂದು ಬಾಗಿಲಲ್ಲಿ ಸಾಲುಗಟ್ಟಿದ್ದವು. ಕಾಳಿನ ದೂಳು ಮೂಗಿಗೆ ಹೋಗಿ ಒಬ್ಬ ಸೀನಿದರೆ ಆ ಸೀನು ಸಾಲಿನ ತುದಿಯವರೆಗೂ ಹೋಗಿ ತಿರುಗಿ ಬರುತ್ತಿತ್ತು. ಹಮಾಲರು ಚೀಲ ಹೊತ್ತು ತಂದು ತಕ್ಕಡಿಯ ಹಲಗೆಯ ಮೇಲೆ ಧೊಪ್ಪನೆ ಇಳಿಸುವರು. ಮುಳ್ಳು ನಡುಗಿ ನಡುಗಿ ನಿಲ್ಲುವುದು. ತೂಕಪ್ಪ ಅದನ್ನು ಅರೆಗಣ್ಣಿನಲ್ಲಿ ನೋಡಿ, “ಚೀಲದ ತೂಕ ಕಳೆದು...” ಎಂದು ರಾಗ ಎಳೆದು, ಉಳಿದದ್ದನ್ನು ಕೂಗಿ ಹೇಳುವನು. ಒಳಗೆ ಕುಳಿತ ಮ್ಯಾನೇಜರು ಅದನ್ನು ಬರೆದುಕೊಳ್ಳುವರು.

ತೂಕಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಇಟ್ಟ ಹೆಸರು ಏನೆಂಬುದು ಅವನ ಹೆಂಡತಿಗೆ ಗೊತ್ತಿತ್ತು, ಆಕೆ ಅವನನ್ನು ‘ರೀ’ ಎಂದು ಕರೆಯುತ್ತಿದ್ದಳು. ಹೀಗಾಗಿ ಆ ಹೆಸರಿಗೆ ಕೆಲಸವೇ ಇರಲಿಲ್ಲ.

ವರ್ಷಗಟ್ಟಲೆ ಚೀಲದ ತೂಕ ಕಳೆದೂ ಕಳೆದೂ ಅವನಿಗೆ ಅದು ರಕ್ತದಲ್ಲಿ ಇಳಿದುಹೋಗಿತ್ತು. ಯಾವುದನ್ನೇ ಆಗಲಿ ಅವನು ಇದ್ದ ಹಾಗೆ ಒಪ್ಪಿಕೊಳ್ಳುತ್ತಿರಲಿಲ್ಲ. ಯಾರಾದರೂ ಹೊಗಳಿದರೆ ಅದರಲ್ಲಿ ಬಾಯುಪಚಾರದ ತೂಕ ಕಳೆಯುತ್ತಿದ್ದ. ಪಕ್ಕದ ಮನೆಯ ಅಜ್ಜಿ, “ಮೈಯೆಲ್ಲಾ ಕೆಂಡ ಕಣಪ್ಪಾ” ಎಂದು ನರಳಿದರೆ, “ಅದರಲ್ಲಿ ಕಂಬಳಿಯ ಬಿಸಿ ಕಳೀಬೇಕು ಅಜ್ಜಿ” ಎನ್ನುತ್ತಿದ್ದ. ಅಜ್ಜಿ ಸಿಟ್ಟಿನಿಂದಲೇ ಬೆವತು ಜ್ವರ ಬಿಟ್ಟು ಎದ್ದು ಕೂರುತ್ತಿದ್ದಳು.

ಇಂಥವನು ಕಳೆಯಲಾಗದೆ ಒದ್ದಾಡುತ್ತಿದ್ದದ್ದು ಒಂದೇ ಒಂದನ್ನು. ಅದು ಅವನ ಪ್ಯಾಂಟು.

ಅವನದೆಂದರೆ ಅವನದಲ್ಲ, ಅವನ ಹೆಂಡತಿಯ ಅಣ್ಣನದು. ಲಾರಿ ಓಡಿಸುವ ಈ ಭಾವ ಎತ್ತರಕ್ಕೂ ಅಗಲಕ್ಕೂ ಲಾರಿಯ ಮನೆತನದವನೇ. ಅವನು ಒಂದಷ್ಟು ಕಾಲ ತೊಟ್ಟು ಬಿಟ್ಟ ಪ್ಯಾಂಟುಗಳು ತಂಗಿಯ ಮನೆಗೆ ಬರುತ್ತಿದ್ದವು. ಪ್ರೀತಿಯಿಂದ ಕೊಟ್ಟದ್ದಕ್ಕೆ ಕತ್ತರಿ ಹಾಕಬಾರದೆಂದು ತಂಗಿ ಅವನ್ನು ಚಿಕ್ಕದು ಮಾಡಿಸುತ್ತಿರಲಿಲ್ಲ. ತೂಕಪ್ಪ ಸೊಂಟದ ಸುತ್ತ ಬಟ್ಟೆಯನ್ನು ಮುದುರಿ, ಬೆಲ್ಟಿನಿಂದ ಚೀಲದ ಬಾಯಿ ಬಿಗಿದ ಹಾಗೆ ಬಿಗಿದು, ಕಾಲಿನ ಬಳಿ ಮಡಚಿ ಮಡಚಿ ಮೇಲೇರಿಸಿ ಕೆಲಸಕ್ಕೆ ಹೋಗುತ್ತಿದ್ದ. ಗಾಳಿ ಬಂದರೆ ಪ್ಯಾಂಟು ಮೊದಲು ತಿರುಗುತ್ತಿತ್ತು, ಅವನು ಆಮೇಲೆ.

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಭಾವನ ಲಾರಿ ದಿನವೂ ಉಗ್ರಾಣಕ್ಕೇ ಬರುತ್ತಿತ್ತು. ಹಮಾಲರೂ ರೈತರೂ ನೆರೆದಿರುವಾಗ ಭಾವ ಕಿಟಕಿಯಿಂದ ತಲೆ ಹೊರಹಾಕಿ, ಪರವೂರಿಗೆ ಮದುವೆ ಮಾಡಿಕೊಟ್ಟ ಮಗಳ ಕ್ಷೇಮ ವಿಚಾರಿಸುವ ದನಿಯಲ್ಲಿ ಕೇಳುತ್ತಿದ್ದ.

“ಏನಯ್ಯಾ, ನನ್ನ ಪ್ಯಾಂಟು ಹೇಗಿದೆ?”

“ಚೆನ್ನಾಗಿದೆ ಭಾವ.”

“ಮೊಣಕಾಲಲ್ಲಿ ಸವೆದಿತ್ತಲ್ಲ?”

“ಪರವಾಗಿಲ್ಲ ಭಾವ.”

“ನೋಡ್ಕೋ. ಒಳ್ಳೇ ಪ್ಯಾಂಟು ಅದು. ನಂಗೆ ತುಂಬಾ ದಿನ ಬಂತು.”

ಇದರಲ್ಲಿ ಭಾವನಿಗೆ ಕೆಟ್ಟ ಉದ್ದೇಶವಿರಲಿಲ್ಲ. ಅವನಿಗೆ ನಿಜವಾಗಿಯೂ ತನ್ನ ಪ್ಯಾಂಟುಗಳ ಮೇಲೆ ಮಮತೆ. ಆದರೆ ಹಮಾಲರು ಚೀಲದ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದರು. ತೂಕಪ್ಪನಿಗೆ ಆ ಹೊತ್ತು ತಾನು ಭಾವನ ಪ್ಯಾಂಟನ್ನು ಹೊತ್ತು ತಿರುಗುವ ಗೂಟವೋ ಏನೋ ಎನ್ನಿಸುತ್ತಿತ್ತು.

ಅಂಥದ್ದರಲ್ಲಿ ಒಂದು ದಿನ ಮ್ಯಾನೇಜರು ಅವನನ್ನು ಒಳಗೆ ಕರೆದರು. ಉಗ್ರಾಣ ನಡೆಸುವ ಸಂಘಕ್ಕೆ ಹೊಸ ತಕ್ಕಡಿ ಬರುತ್ತಿದೆ, ಗಾಜಿನ ಮುಖದ್ದು, ಹಿಂದೆ ಕೂರಲು ಕುರ್ಚಿಯೂ ಇದೆ, ಚಾಲೂ ಮಾಡಲು ಪಟ್ಟಣದಿಂದ ಸಾಹೇಬರು ಬರುತ್ತಾರೆ, ಅವರು ಒಪ್ಪಿದರೆ ಆ ಕುರ್ಚಿ ತೂಕಪ್ಪನದು, ಒಪ್ಪದಿದ್ದರೆ ಪಟ್ಟಣದಿಂದಲೇ ಒಬ್ಬನನ್ನು ಕಳಿಸುತ್ತಾರೆ.

“ಅವತ್ತು ಸ್ವಲ್ಪ ನೀಟಾಗಿ ಬನ್ನಿ” ಎಂದು ಮ್ಯಾನೇಜರು ಮೇಜಿನ ಮೇಲಿಂದ ಬಗ್ಗಿ ಅವನ ಪ್ಯಾಂಟನ್ನು ನೋಡಿದರು. “ಇನ್ನೊಂದು ಮಾತು. ರೈತರು ಏನೇನೋ ಅಂತಾರೆ. ನೀವು ಬಾಯಿ ಬಿಡಬೇಡಿ.”

ರೈತರು ಏನೇನೋ ಅನ್ನುತ್ತಿರಲಿಲ್ಲ, ಒಂದನ್ನೇ ಅನ್ನುತ್ತಿದ್ದರು. ತಕ್ಕಡಿಯಲ್ಲಿ ತೂಕಪ್ಪ ಚೀಲದ ತೂಕ ಕಳೆದು ಕೂಗುತ್ತಾನೆ, ಒಳಗೆ ಮ್ಯಾನೇಜರು ಬರೆದುಕೊಳ್ಳುವಾಗ ಅದೇ ಚೀಲದ ತೂಕವನ್ನು ಇನ್ನೊಂದು ಸಲ ಕಳೆಯುತ್ತಾರೆ ಎಂದು. ಅದು ನಿಜ. ಹಿಂದಿನ ಮ್ಯಾನೇಜರ ಕಾಲದಿಂದ ನಡೆದು ಬಂದದ್ದು. ತೂಕಪ್ಪನಿಗೂ ಗೊತ್ತಿತ್ತು. ಆದರೆ ಕೇಳಿದವರಿಗೆ ಅವನು, “ನನ್ನ ಕೈ ಒಂದೇ ಸಲ ಕಳೆಯೋದಪ್ಪ, ಒಳಗಿಂದು ನಂಗೆ ಗೊತ್ತಿಲ್ಲ” ಎಂದು ಹೇಳಿ ಮುಂದಿನ ಚೀಲಕ್ಕೆ ಕೈ ತೋರಿಸುತ್ತಿದ್ದ. ಈಗಂತೂ ಹೊಸ ಕುರ್ಚಿ ಕಣ್ಣ ಮುಂದೆ ತಿರುಗುತ್ತಿತ್ತು. ಅದರ ಮೇಲೆ ತಾನು ಕುಳಿತಿರಬೇಕು, ಸ್ವಂತ ಪ್ಯಾಂಟು ತೊಟ್ಟಿರಬೇಕು, ಭಾವ ಕಿಟಕಿಯಿಂದ ತಲೆ ಹಾಕಿ ಕೇಳಲು ಏನೂ ಇಲ್ಲದೆ ತಲೆ ಒಳಗೆಳೆದುಕೊಳ್ಳಬೇಕು. ಇಷ್ಟೇ ಅವನ ಆಸೆ. ಬಾಯುಪಚಾರ ಕಳೆದು ನೋಡಿದರೂ ಅಷ್ಟೇ ಉಳಿಯುತ್ತಿತ್ತು.

*

ಬಟ್ಟೆ ಅಂಗಡಿಗೆ ಗಂಡ ಹೆಂಡತಿ ಕೂಡಿಯೇ ಹೋದರು. ಅಂಗಡಿಯವನು ಹತ್ತಿಯದನ್ನು ಬಿಚ್ಚಿ ಹಾಸಿದ. ಹೆಂಡತಿ ಅದರ ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಳು. ಬಟ್ಟೆ ಮುದುಕನ ಹಣೆಯಂತಾಯಿತು.

“ಇದು ಬೇಡ. ಮಧ್ಯಾಹ್ನದೊಳಗೆ ಮೊಣಕಾಲಲ್ಲಿ ಬುಟ್ಟಿ ಬೀಳತ್ತೆ” ಎಂದಳು.

ಉಣ್ಣೆಯದನ್ನು ತೂಕಪ್ಪ ಕೆನ್ನೆಗೆ ಒತ್ತಿ ನೋಡಿ, “ಚುಚ್ಚತ್ತೆ” ಎಂದ.

“ಕೆನ್ನೆಗೆ ಹಾಕ್ಕೊಳ್ಳಲ್ಲವಲ್ರೀ ಅದನ್ನ” ಎಂದಳು ಹೆಂಡತಿ.

“ಕೆನ್ನೆಗೇ ಚುಚ್ಚಿದ ಮೇಲೆ ಮಿಕ್ಕ ಕಡೆ ಸುಮ್ಮನಿರತ್ತಾ?”

ಕೊನೆಗೆ ಅಂಗಡಿಯವನು ಮೇಲಿನ ಅಟ್ಟಣೆಯಿಂದ ಒಂದು ಥಾನನ್ನು ಎರಡೂ ಕೈಯಲ್ಲಿ ಎತ್ತಿ ತಂದು ಹಲಗೆಯ ಮೇಲೆ ಹಾಕಿದ. ಅದು ಬಿದ್ದ ಸದ್ದಿಗೇ ತೂಕಪ್ಪನಿಗೆ ಮನಸ್ಸಾಯಿತು. ಅದರ ಬಣ್ಣಕ್ಕೆ ಹೆಸರಿರಲಿಲ್ಲ. ಬೂದಿಯೂ ಅಲ್ಲ, ಮಣ್ಣೂ ಅಲ್ಲ, ಎರಡೂ ಜಗಳವಾಡಿ ರಾಜಿಯಾದಂತಿತ್ತು.

“ಇದು ಸುಕ್ಕಾಗಲ್ಲ, ಬಣ್ಣ ಬಿಡಲ್ಲ, ಹರಿಯಲ್ಲ” ಎಂದ ಅಂಗಡಿಯವನು. “ಒಗೆದ್ರೆ ಕುಗ್ಗಲ್ಲ, ಎಳೆದ್ರೆ ಹಿಗ್ಗಲ್ಲ. ಬೇಕಾದ್ರೆ ಎಳೆದು ನೋಡಿ.”

ಗಂಡ ಒಂದು ತುದಿ, ಹೆಂಡತಿ ಒಂದು ತುದಿ ಹಿಡಿದು ಎಳೆದರು. ಅಂಗಡಿಯವನೂ ಕೈ ಹಾಕಿದ. ಬಟ್ಟೆ ಯಾರ ಮುಲಾಜಿಗೂ ಬೀಳಲಿಲ್ಲ.

“ಇದನ್ನೇ ಕೊಡಿ” ಎಂದ ತೂಕಪ್ಪ, ಕೈಯಲ್ಲಿ ತೂಗಿ ನೋಡುತ್ತ. “ತೂಕ ಇದೆ.”

ದರ್ಜಿಯ ಅಂಗಡಿ ಅದೇ ಬೀದಿಯ ತಿರುವಿನಲ್ಲಿತ್ತು. ಮುಂದೆ ಕತ್ತರಿಸುವ ಮೇಜು, ಹಿಂದೆ ಹೊಲಿಗೆ ಯಂತ್ರ. ಮೇಜಿನ ಬಳಿ ದರ್ಜಿ, ಯಂತ್ರದ ಬಳಿ ಅವನ ಹೆಂಡತಿ. ದರ್ಜಿಯ ಬಾಯಲ್ಲಿ ಸದಾ ಗುಂಡುಸೂಜಿಗಳು ಇರುತ್ತಿದ್ದವು. ಅವನ್ನು ತುಟಿಯ ಒಂದು ಮೂಲೆಗೆ ತಳ್ಳಿ ಮಾತಾಡುತ್ತಿದ್ದನಾದ್ದರಿಂದ ಅವನು ಹೇಳಿದ್ದೆಲ್ಲ ಗುಟ್ಟಿನ ಮಾತಿನಂತೆ ಕೇಳುತ್ತಿತ್ತು.

“ಕೆಳಗೆ ಮಡಿಕೆ ಇಡಲಾ?”

“ಬೇಡ ಮಾಸ್ಟ್ರೇ. ಸಂಜೆಗೆ ಮಡಿಕೆ ತುಂಬಾ ಕಾಳಿರತ್ತೆ. ಮನೇಲಿ ಕೊಡವಿದ್ರೆ ಕೋಳಿಗೆ ಖುಷಿ, ಬಾಗಿಲಲ್ಲಿ ಕೊಡವಿದ್ರೆ ಮ್ಯಾನೇಜರಿಗೆ ಅನುಮಾನ.”

“ಕಾಲಿನ ಬಾಯಿ ಅಗಲ ಇರಲೋ, ಸಣ್ಣದೋ?”

“ಸಣ್ಣದು. ಗಾಳಿ ನುಗ್ಗಬಾರದು.”

“ಸೊಂಟದ ಹತ್ರ ನೆರಿಗೆ?”

ತೂಕಪ್ಪ ತೊಟ್ಟಿದ್ದ ಪ್ಯಾಂಟಿನ ಮುದುರುಗಳನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದ. “ಮಾಸ್ಟ್ರೇ, ನಾನು ಇಷ್ಟು ಕಾಲ ನೆರಿಗೆಯೊಳಗೇ ಬದುಕಿದೀನಿ. ಒಂದೂ ಬೇಡ. ಹಲಗೆ ಹಾಗೆ ಇರಬೇಕು.”

“ನೆರಿಗೆ ಅಂದ್ರೆ ಅಲಂಕಾರ ಅಲ್ಲ ಸ್ವಾಮಿ. ಉಸಿರಾಡೋಕೆ ಜಾಗ.”

“ನಾನು ಉಸಿರಾಡೋದು ಮೂಗಲ್ಲಿ.”

ದರ್ಜಿ ಟೇಪು ತೆಗೆದ. ಚಳಿಗೆ ತೂಕಪ್ಪ ಒಳಗೊಂದು ದಪ್ಪ ಅಂಗಿ, ಅದರ ಮೇಲೊಂದು ಅಂಗಿ, ಅದರ ಮೇಲೆ ಸ್ವೆಟರು ತೊಟ್ಟು, ಎಲ್ಲವನ್ನೂ ಭಾವನ ಪ್ಯಾಂಟಿನೊಳಗೆ ತುರುಕಿ ಬೆಲ್ಟು ಕಟ್ಟಿದ್ದ. ಬಿಚ್ಚಿ ಅಳತೆ ಕೊಡಲು ಚಳಿಯೂ ನಾಚಿಕೆಯೂ ಬಿಡಲಿಲ್ಲ. ದರ್ಜಿ ಇಂಥವರನ್ನು ಬಹಳ ನೋಡಿದವನು. ಹಾಗೆಯೇ ಅಳೆದು, ಮೇಲ್ಬಟ್ಟೆಗೆ ಎಂದು ಮನಸ್ಸಿನಲ್ಲೇ ಒಂದಿಷ್ಟು ಕಳೆದು ಬರೆದುಕೊಂಡ.

“ಚೀಲದ ತೂಕ ಕಳೆದ್ರಾ?” ಎಂದ ತೂಕಪ್ಪ.

“ಏನು?”

“ಇಷ್ಟೆಲ್ಲಾ ಮೇಲೆ ಹಾಕ್ಕೊಂಡಿದೀನಲ್ಲ. ಅದನ್ನ ಕಳೀಬೇಕಲ್ವಾ?”

ದರ್ಜಿಗೆ ರೇಗಿತು. ಆದರೆ ಬಾಯಲ್ಲಿ ಸೂಜಿಗಳಿದ್ದಾಗ ರೇಗುವುದು ಕ್ಷೇಮವಲ್ಲ. “ಆಯ್ತು, ಕಳೀತೀನಿ” ಎಂದು, ಗಿರಾಕಿಯ ಸಮಾಧಾನಕ್ಕೆ ಇನ್ನೊಂದಿಷ್ಟು ಕಳೆದ.

ಮರುದಿನ ಹೆಂಡತಿ ಗುಂಡಿ ಕೊಡುವ ನೆಪದಲ್ಲಿ ಒಬ್ಬಳೇ ಬಂದಳು. ದನಿ ತಗ್ಗಿಸಿ, “ಮಾಸ್ಟ್ರೇ, ಅವರಿಗೆ ಹೇಳಬೇಡಿ. ನಿನ್ನೆ ಹೊಟ್ಟೆ ತುಂಬಾ ಊಟ ಮಾಡ್ಕೊಂಡು ಬಂದು ಅಳತೆ ಕೊಟ್ಟರು. ಸ್ವಲ್ಪ ಹಿಡಿದು ಹೊಲೀರಿ. ಇನ್ನೊಬ್ಬರ ಪ್ಯಾಂಟು ಅಂತ ಯಾರೂ ಅನ್ನಬಾರದು” ಎಂದಳು. ಮನೆಯಾಕೆಯ ಮಾತಿಗೆ ಬೆಲೆ ಕೊಟ್ಟು ದರ್ಜಿ ಇನ್ನೊಂದಿಷ್ಟು ಕಳೆದು ಕತ್ತರಿ ಆಡಿಸಿದ.

ಅಲ್ಲಿಂದ ಬಟ್ಟೆ ಯಂತ್ರದ ಬಳಿ ಹೋಯಿತು. ದರ್ಜಿಯ ಹೆಂಡತಿಗೆ ಗಂಡನ ಕತ್ತರಿಯ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ. ಅವನು ಯಾವಾಗಲೂ ಸಡಿಲಕ್ಕೆ ಕತ್ತರಿಸುತ್ತಾನೆ, ತಾನು ಸರಿಮಾಡದಿದ್ದರೆ ಮರ್ಯಾದೆ ಉಳಿಯದು ಎಂದು ಆಕೆಯ ಲೆಕ್ಕ. ಅಂಚಿನಿಂದ ಒಂದು ಬೆರಳು ಒಳಗೆ ಹೊಲಿದು, ಒಳಗೆ ಮಿಕ್ಕ ಬಟ್ಟೆಯನ್ನು ಅಚ್ಚುಕಟ್ಟಾಗಿ ಕತ್ತರಿಸಿ ಒಲೆಗೆ ಹಾಕಿದಳು.

ಯಾರಲ್ಲಿಯೂ ಒಂದಿಷ್ಟೂ ಕೆಟ್ಟ ಮನಸ್ಸಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದರು.

*

ಪ್ಯಾಂಟು ಕೈಗೆ ಬಂದದ್ದು ಸಾಹೇಬರು ಬರುವ ದಿನ ಬೆಳಗ್ಗೆ. ಹೊಲಿಗೆಗೆ ಕೊಟ್ಟ ಬಟ್ಟೆ ಎಲ್ಲ ಕಡೆಯೂ ಬರುವುದು ಅದೇ ಹೊತ್ತಿಗೆ.

ಕಾಲುಗಳು ಹೋದವು. ಮೊಣಕಾಲಿನ ಮೇಲೆ ಮಾತುಕತೆ ಬೇಕಾಯಿತು. ಸೊಂಟದ ಬಳಿ ಬರುವ ಹೊತ್ತಿಗೆ ಗುಂಡಿಗೂ ಕಾಜಕ್ಕೂ ನಡುವೆ ಒಂದು ಅಂಗೈಯಷ್ಟು ಊರು ಉಳಿದಿತ್ತು. ತೂಕಪ್ಪ ಮಂಚದ ಮೇಲೆ ಅಂಗಾತ ಮಲಗಿದ. ಹೆಂಡತಿ ಒಂದು ಕಾಲನ್ನು ಮಂಚಕ್ಕೆ ಒದ್ದು ಹಿಡಿದು ಎಳೆದಳು. ಕಿಟಕಿಯಲ್ಲಿ ಪಕ್ಕದ ಮನೆಯ ಅಜ್ಜಿಯ ಮುಖ ಮೂಡಿತು.

“ಏನಮ್ಮಾ, ಬೆಳಬೆಳಗ್ಗೇನೇ ಯಾರನ್ನೋ ಕಟ್ಟಿಹಾಕ್ತಿದೀರಲ್ಲ?”

“ಪ್ಯಾಂಟು ಹಾಕ್ತಿದೀವಿ ಅಜ್ಜಿ.”

“ಇಬ್ಬರೂ ಒಂದನ್ನೇ ಹಾಕ್ತಿದೀರಾ?”

“ಹಾಸ್ಯ ಬಿಡಿ ಅಜ್ಜಿ, ಏನಾದ್ರೂ ಉಪಾಯ ಹೇಳಿ.”

ಅಜ್ಜಿ ಸ್ವಲ್ಪ ಯೋಚಿಸಿದಳು. “ಅಪ್ಪಾ ತೂಕಪ್ಪ, ಒಳಗಿರೋ ಉಸಿರನ್ನೆಲ್ಲಾ ಬಿಡು. ಪೂರ್ತಿ. ಹಾಂ, ಹಾಗೆ. ಎಳಿಯಮ್ಮಾ ಈಗ. ಬಿತ್ತಾ ಗುಂಡಿ? ಸರಿ. ಇನ್ನು ಉಸಿರು ತಗೋಬೇಡ.”

“ಎಷ್ಟು ಹೊತ್ತು?” ಎಂದ ತೂಕಪ್ಪ, ಇರುವೆಯ ದನಿಯಲ್ಲಿ.

“ಸಾಹೇಬ್ರು ಹೋಗೋವರೆಗೆ.”

ಅವನನ್ನು ಏಣಿಯನ್ನು ಎತ್ತಿ ನಿಲ್ಲಿಸುವ ಹಾಗೆ ಎತ್ತಿ ನಿಲ್ಲಿಸಿದರು. ನಿಂತಾಗ ಮಾತ್ರ, ಹೇಳಬೇಕಾದ್ದನ್ನು ಹೇಳಬೇಕು, ಬಹಳ ಚೆನ್ನಾಗಿ ಕಾಣುತ್ತಿತ್ತು. ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಕಣ್ಣು ತುಂಬಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಭಾವನ ಲಾರಿ ಹಾರನ್ ಹೊಡೆಯಿತು. ಬಿಚ್ಚಿ ಹಳೆಯದನ್ನು ಹಾಕಿಕೊಂಡು ಹೋಗಿ ಎಂದು ಆಕೆ ಗೋಗರೆದಳು. ಅವನು ತಲೆಯಾಡಿಸಿದ. ಇವತ್ತು ಸತ್ತರೂ ಸ್ವಂತ ಪ್ಯಾಂಟಿನಲ್ಲಿ ಎಂಬುದು ಅವನ ಮುಖದಲ್ಲಿ ಬರೆದಿತ್ತು. ಆಕೆ ಹಳೆಯದೊಂದನ್ನು ಮಡಚಿ ಊಟದ ಚೀಲದ ತಳದಲ್ಲಿಟ್ಟು ಅವನ ಹೆಗಲಿಗೆ ನೇತುಹಾಕಿದಳು.

ಭಾವ ಕಿಟಕಿಯಿಂದ ತಲೆ ಹೊರಹಾಕಿ ಬಾಯಿ ತೆರೆದ. ಕೇಳಲು ಏನೂ ಸಿಗದೆ ಮುಚ್ಚಿದ. ಆ ಒಂದು ಗಳಿಗೆಗೆ ತೂಕಪ್ಪ ಪಟ್ಟ ಪಾಡೆಲ್ಲ ವಸೂಲಾಯಿತು.

“ಬಾ, ಒಳಗೆ ಕೂತ್ಕೋ” ಎಂದ ಭಾವ ಕಡೆಗೆ.

ತೂಕಪ್ಪ ತಲೆಯಾಡಿಸಿದ. ಲಾರಿಯ ಮೆಟ್ಟಿಲಿಗೆ ಕಾಲೆತ್ತುವುದಕ್ಕೆ ಆ ಪ್ಯಾಂಟಿನ ಒಪ್ಪಿಗೆಯಿರಲಿಲ್ಲ. ಕೈಯಿಂದ ಹಿಂದಕ್ಕೆ ತೋರಿಸಿದ. ಲಾರಿಯಲ್ಲಿದ್ದ ಹಮಾಲರು ಇಳಿದು ಅವನನ್ನು ನೆಟ್ಟಗೆ ಎತ್ತಿ, ಲಾರಿಯ ಹಿಂದೆ ಚೀಲಗಳ ನಡುವೆ ನಿಲ್ಲಿಸಿದರು. ಹಗ್ಗ ಹಿಡಿದು, ಎದೆ ಸೆಟೆಸಿ, ಗದ್ದ ಎತ್ತಿ ಅವನು ನಿಂತ. ಲಾರಿ ಹೊರಟಿತು.

ದಾರಿಯಲ್ಲಿ ಜನ ನೋಡಿದರು. ಚಹದಂಗಡಿಯ ಮುಂದೆ ಕೂತವರು ಎದ್ದರು. ದಿನವೂ ಗೊಣಗುತ್ತಿದ್ದ ಒಬ್ಬ ಜೋರುಬಾಯಿಯ ರೈತ ಟ್ರ್ಯಾಕ್ಟರನ್ನು ಲಾರಿಯ ಪಕ್ಕಕ್ಕೇ ತಂದು ಕೂಗಿದ.

“ತೂಕಪ್ಪಣ್ಣ, ಯಾಕೆ ನಿಂತ್ಕೊಂಡು ಹೋಗ್ತಿದೀಯ?”

ತೂಕಪ್ಪ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ದೃಷ್ಟಿ ದೂರದಲ್ಲಿ.

“ಸಾಹೇಬ್ರ ಹತ್ರ ಮಾತಾಡೋಕಾ? ಚೀಲದ ವಿಷಯಕ್ಕಾ?”

ವಿವರಿಸಲು ಹೊರಟರೆ ಉಸಿರು ಬೇಕು. “ಹೂಂ” ಎಂದ ತೂಕಪ್ಪ.

ರೈತ ಟ್ರ್ಯಾಕ್ಟರನ್ನು ಲಾರಿಯ ಹಿಂದೆ ಹಾಕಿದ. ಅವನ ಹಿಂದೆ ಇನ್ನೊಬ್ಬ. ಸೇತುವೆ ದಾಟುವ ಹೊತ್ತಿಗೆ ಆ ಬೆಳಗ್ಗೆ ಉಗ್ರಾಣಕ್ಕೆ ಹೊರಟಿದ್ದ ಗಾಡಿಗಳೆಲ್ಲ ಲಾರಿಯ ಬೆನ್ನಿಗೆ ಬಿದ್ದಿದ್ದವು. “ನಮ್ಮ ತೂಕಪ್ಪ ಎಂಥವನು ನೋಡ್ರೋ. ಇಷ್ಟು ದಿನ ಸುಮ್ಮನಿದ್ದ. ಹೇಳೋ ದಿನಕ್ಕೆ ಕಾದಿದ್ದ” ಎನ್ನುವ ಮಾತು ಗಾಡಿಯಿಂದ ಗಾಡಿಗೆ ಹೋಯಿತು. ತೂಕಪ್ಪನಿಗೆ ಹಿಂದೆ ಏನೋ ಗದ್ದಲ ಕೇಳಿಸುತ್ತಿತ್ತು. ತಿರುಗಿ ನೋಡುವಂತಿರಲಿಲ್ಲ.

*

ಉಗ್ರಾಣದ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಹೊಸ ತಕ್ಕಡಿ ಗೋಡೆಗೆ ಒತ್ತಿ ನಿಂತಿತ್ತು. ಸಾಹೇಬರು ದೂರದಿಂದ ಬಂದು ದಣಿದಿದ್ದರು. ಅವರಿಗೆ ಬೇಕಾಗಿದ್ದದ್ದು ಬೇಗ ಕೂರುವುದು, ಬೇಗ ಏಳುವುದು.

“ಎಲ್ಲರೂ ಕೂತ್ಕೊಳ್ಳಿ” ಎಂದರು ಅವರು.

ತೂಕಪ್ಪ ಕೂರಲಿಲ್ಲ. ಅವನು ಕೂರಲಿಲ್ಲವೆಂದು ಜೋರುಬಾಯಿಯ ರೈತ ಕೂರಲಿಲ್ಲ. ಅವನನ್ನು ನೋಡಿ ಯಾರೂ ಕೂರಲಿಲ್ಲ. ಅರ್ಧ ಕುಳಿತಿದ್ದ ಮ್ಯಾನೇಜರು ಹಾಗೆಯೇ ಎದ್ದರು. ಸಾಹೇಬರು ಕುರ್ಚಿಯ ಕೈಗಳನ್ನು ಹಿಡಿದು ಇಳಿಯುತ್ತಿದ್ದವರು, ಎದುರಿಗೆ ಇಡೀ ಊರು ನಿಂತಿರುವುದನ್ನು ಕಂಡು, ನಿಟ್ಟುಸಿರು ಬಿಟ್ಟು ಎದ್ದು ನಿಂತರು.

“ಯಾರಾದ್ರೂ ತೀರ್ಕೊಂಡ್ರಾ?” ಎಂದು ಮ್ಯಾನೇಜರ ಕಿವಿಯಲ್ಲಿ ಕೇಳಿದರು.

“ಇಲ್ಲ ಸಾರ್. ಏನ್ರಿ ತೂಕಪ್ಪ, ಕೂತ್ಕೊಳ್ರಿ.”

ತೂಕಪ್ಪ ತಲೆಯಾಡಿಸಿದ. ಹಣೆಯಲ್ಲಿ ಬೆವರು ಹನಿಗೂಡಿತ್ತು. ಅಂಥ ಚಳಿಯಲ್ಲಿ ಬೆವರುವವನ ಒಳಗೆ ಎಂಥ ಬೆಂಕಿ ಇರಬೇಕು ಎಂದು ರೈತರು ಒಬ್ಬರನ್ನೊಬ್ಬರು ನೋಡಿಕೊಂಡರು.

“ಅವನು ಕೂರಲ್ಲ ಸಾರ್” ಎಂದ ಜೋರುಬಾಯಿಯವನು. “ತಕ್ಕಡೀಲಿ ಒಂದು ಸಲ ಚೀಲದ ತೂಕ ಕಳೀತಾರೆ. ಒಳಗೆ ಇನ್ನೊಂದು ಸಲ ಕಳೀತಾರೆ. ಅದು ನಿಲ್ಲೋವರೆಗೂ ಅವನು ಕೂರಲ್ಲ, ನಾವೂ ಕೂರಲ್ಲ.”

ತೂಕಪ್ಪನ ಕಣ್ಣು ಗೋಲಿಯಾಯಿತು. ಮ್ಯಾನೇಜರ ಮುಖ ಬೆಳ್ಳಗಾಯಿತು. ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಹೌದೇನ್ರಿ ಇದು? ನೀವು ತೂಕದವರು. ನೀವು ಹೇಳಿ.”

ರೈತರು ಒಂದು ಹೆಜ್ಜೆ ಮುಂದೆ ಸರಿದರು. ಗಾಜಿನ ಮುಖದ ತಕ್ಕಡಿ, ಅದರ ಹಿಂದಿನ ಕುರ್ಚಿ, ಮ್ಯಾನೇಜರ ನೋಟ, ಎಲ್ಲವೂ ತೂಕಪ್ಪನ ಕಣ್ಣ ಮುಂದಿದ್ದವು. ಹೇಳಬೇಕಾದ ಉತ್ತರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗೇನಿಲ್ಲ ಸಾರ್, ನಮ್ಮ ಮ್ಯಾನೇಜರು ಅಂಥವರಲ್ಲ, ರೈತರಿಗೆ ಏನೋ ತಪ್ಪು ತಿಳುವಳಿಕೆಯಾಗಿದೆ, ನಾನು ಬೇರೆ ಕಾರಣಕ್ಕೆ ನಿಂತಿದ್ದೇನೆ. ಇಷ್ಟನ್ನು ಹೇಳಿದರೆ ಕುರ್ಚಿ ಅವನದು. ಅವನು ಬಾಯಿ ತೆರೆದ. ಸೊಂಟಪಟ್ಟಿ ಕಿರ್ರೆಂದಿತು. ಸುಳ್ಳಿಗೆ ಬೇಕಾಗುವಷ್ಟು ಉಸಿರು ಆ ಪ್ಯಾಂಟಿನಲ್ಲಿ ಇರಲಿಲ್ಲ.

“ಹೌದು” ಎಂದ.

ಅಷ್ಟೇ. ಆದರೆ ಹಾಗೆ ಚುಟುಕಾಗಿ, ಹಲ್ಲು ಕಚ್ಚಿ, ಆಕಾಶ ನೋಡುತ್ತ ಹೇಳಿದ ‘ಹೌದು’ ಅಂಗಳದ ತುದಿಯವರೆಗೂ ಹೋಗಿ ನಾಟಿತು.

“ಹಳೇ ಪದ್ಧತಿ ಸಾರ್” ಎಂದರು ಮ್ಯಾನೇಜರು. “ಹಿಂದಿನವರು ಕಳೀತಿದ್ರು. ನಾನು ಯಾಕೆ ಬದಲಾಯಿಸಲಿ ಅಂತ...”

“ಒಂದು ಚೀಲಕ್ಕೆ ಒಂದೇ ತೂಕ ಇರೋದಲ್ವೇನ್ರಿ?”

“ಹೌದು ಸಾರ್.”

“ಹಾಗಾದ್ರೆ ಒಂದೇ ಸಲ ಕಳೀರಿ. ಹಿಂದೆ ಕಳೆದದ್ದೆಲ್ಲಾ ಲೆಕ್ಕ ಹಾಕಿ ವಾಪಸ್ ಕೊಡಿ.” ಸಾಹೇಬರು ತೂಕಪ್ಪನ ಕಡೆ ತಿರುಗಿದರು. ಅವರ ದನಿಯಲ್ಲಿ ಗೌರವವೂ ಕಾಲುನೋವೂ ಕೂಡಿದ್ದವು. “ಈಗಾದ್ರೂ ಕೂತ್ಕೊಳ್ಳಿ. ನೀವು ಕೂರದೆ ನನಗೆ ಕೂರೋಕಾಗ್ತಿಲ್ಲ. ಅಗೋ, ಆ ಕುರ್ಚಿ ಮೇಲೆ. ಮೊದಲನೇ ಚೀಲ ನೀವೇ ತೂಗಿ.”

ಜನ ದಾರಿ ಬಿಟ್ಟರು. ಬಯಸಿದ ಕುರ್ಚಿಯ ಕಡೆಗೆ ತೂಕಪ್ಪ ಮಡಚಿದ ಕೊಡೆಯ ಹಾಗೆ ನೆಟ್ಟಗೆ ನಡೆದ. ತಕ್ಕಡಿಯ ಹಿಂದಕ್ಕೆ ಹೋಗಿ ಗೋಡೆಗೆ ಬೆನ್ನು ಮಾಡಿ ನಿಂತ. ಒಂದು ಸಲ ಹೆಂಡತಿಯನ್ನು ನೆನೆದ. ಕುಳಿತ.

ಬಟ್ಟೆ ಹರಿಯಲಿಲ್ಲ. ಅಂಗಡಿಯವನು ಸತ್ಯವಂತ. ಹರಿದದ್ದು ಹೊಲಿಗೆ. ನಡುಬೆನ್ನಿನ ಕೆಳಗಿನಿಂದ ಆರಂಭವಾಗಿ ಒಂದೇ ಗುಕ್ಕಿಗೆ ಮುಂದಿನ ಗುಂಡಿಯವರೆಗೆ, ಒಣ ಬಿದಿರು ಸೀಳಿದಂತೆ ಸದ್ದು ಮಾಡುತ್ತ ಅದು ಬಿಟ್ಟುಕೊಂಡಿತು.

“ಏನದು?” ಎಂದು ಸಾಹೇಬರು ತಕ್ಕಡಿಯ ಕಡೆ ತಿರುಗಲು ಕತ್ತು ಹೊರಳಿಸಿದರು. ಜನವೂ ಹೊರಳಿಸಿದರು.

ಎಲ್ಲರಿಗಿಂತ ಮೊದಲೇ, ಲಾರಿಯ ಮೇಲೆ ಚೀಲಗಳ ತುದಿಯಲ್ಲಿ ಕೂತಿದ್ದ ಭಾವ ಅದನ್ನು ಕಂಡಿದ್ದ. ಪ್ಯಾಂಟಿನ ವಿಷಯದಲ್ಲಿ ಅವನ ಕಣ್ಣು ಚುರುಕು. ಒಂದು ಖಾಲಿ ಗೋಣಿಯನ್ನು ಕೈಯಲ್ಲಿ ಹಿಡಿದು ಅವನು ಮೇಲಿಂದ ಹಾರಿದ. ಹಾರುವಾಗ ಲಾರಿಯ ಪಕ್ಕದ ಹಲಗೆಯ ಕೊಂಡಿ ಅವನ ಪ್ಯಾಂಟಿಗೆ ಸಿಕ್ಕಿತು. ಭಾವ ಕೆಳಗೆ ಬಂದ. ಪ್ಯಾಂಟು ಬರಲಿಲ್ಲ. ಅದರ ಬಹುಪಾಲು ಕೊಂಡಿಯಲ್ಲೇ ಉಳಿದು ಗಾಳಿಗೆ ಬಾವುಟದಂತೆ ಆಡತೊಡಗಿತು.

ಇಡೀ ಅಂಗಳ ಆ ಕಡೆ ತಿರುಗಿತು. ಮೊದಲು ಒಬ್ಬ ಹಮಾಲ ನಕ್ಕ. ಆ ನಗು ಸೀನಿನ ಹಾಗೆಯೇ ತುದಿಯವರೆಗೂ ಹೋಗಿ ತಿರುಗಿ ಬಂತು. ಸಾಹೇಬರು ಕುರ್ಚಿಗೆ ಕುಸಿದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಭಾವ ಗೋಣಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಎಲ್ಲರಿಗೂ ಒಂದು ನಮಸ್ಕಾರ ಹಾಕಿ, ಚೀಲಗಳ ರಾಶಿಯ ಹಿಂದೆ ಮರೆಯಾದ.

ತೂಕಪ್ಪನ ಕಡೆ ನೋಡುವವರು ಯಾರೂ ಉಳಿದಿರಲಿಲ್ಲ. ಬೆಳಗಿನಿಂದ ಕಟ್ಟಿಟ್ಟಿದ್ದ ಉಸಿರನ್ನು ಅವನು ಎದೆ ತುಂಬ ಎಳೆದುಕೊಂಡ. ಚೀಲ ಬಂದು ಹಲಗೆಯ ಮೇಲೆ ಕೂತಿತು. ಹೊಸ ಮುಳ್ಳು ನಡುಗಿ ನಿಂತಿತು. “ಚೀಲದ ತೂಕ ಕಳೆದು” ಎಂದು ಅವನು ಎಳೆದ ರಾಗಕ್ಕೆ ಮಾಡಿನ ಪಾರಿವಾಳಗಳು ಎದ್ದು ಹಾರಿದವು.

“ಒಳ್ಳೇ ಗಂಟಲು” ಎಂದರು ಸಾಹೇಬರು. “ಇವರೇ ಇರಲಿ.”

*

ಜನ ಕರಗಿ, ಸಾಹೇಬರ ಜೀಪು ಹೋಗಿ, ಮ್ಯಾನೇಜರು ಹಳೆಯ ಲೆಕ್ಕ ಬಿಚ್ಚಿ ತಲೆ ಹಿಡಿದುಕೊಂಡು ಕೂರುವವರೆಗೂ ತೂಕಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಹೊಸ ಕುರ್ಚಿಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಹಮಾಲರು ಅಂದುಕೊಂಡರು. ಸಂಜೆ ಅವನು ಊಟದ ಚೀಲವನ್ನು ಹಿಂದೆ ಅಡ್ಡ ಹಿಡಿದು, ರಾಶಿಯ ಹಿಂದೆ ಹೋದ. ಭಾವ ಗೋಣಿ ಸುತ್ತಿಕೊಂಡು ಚಳಿಗೆ ನಡುಗುತ್ತ ಕೂತಿದ್ದ.

“ಬಿಟ್ಟುಕೊಂಡಿತಲ್ವಾ?” ಎಂದ ಭಾವ.

“ಪೂರ್ತಿ.”

“ಯಾರೂ ನೋಡಲಿಲ್ಲ ತಾನೇ?”

“ಇಲ್ಲ ಭಾವ. ಎಲ್ಲರೂ ನಿಮ್ಮನ್ನೇ ನೋಡ್ತಿದ್ರು.”

“ಹಾಳು ಕೊಂಡಿ” ಎಂದ ಭಾವ, ಬೇರೆ ಕಡೆ ನೋಡುತ್ತ.

ಮೀಸೆ ಮೂಡಿದಾಗಿನಿಂದ ಅದೇ ಲಾರಿ ಹತ್ತಿ ಇಳಿದವನು. ಕತ್ತಲಲ್ಲಿಯೂ ಆ ಕೊಂಡಿ ಎಲ್ಲಿದೆಯೆಂದು ಅವನಿಗೆ ಗೊತ್ತು. ತೂಕಪ್ಪ ಅದನ್ನು ಕೇಳಬೇಕೆಂದುಕೊಂಡವನು ಊಟದ ಚೀಲದ ತಳದಿಂದ ಮಡಚಿದ ಪ್ಯಾಂಟನ್ನು ತೆಗೆದು ಮುಂದೆ ಹಿಡಿದ.

ಭಾವ ಅದನ್ನು ಬಿಚ್ಚಿ ನೋಡಿದ. ಮೊಣಕಾಲಿನ ಸವೆತವನ್ನು ಹೆಬ್ಬೆರಳಿನಿಂದ ಸವರಿದ. “ಇದು... ನೀನೇನು ಮಾಡ್ತೀಯ?”

“ಗೋಣಿ ಕೊಡಿ ಭಾವ. ನಂಗೆ ಅದು ಸಾಕು.”

ಭಾವ ತೊಟ್ಟುಕೊಂಡ. ಯಾವ ಕತ್ತರಿಯೂ ಮುಟ್ಟದ ಪ್ಯಾಂಟು, ಮುದುರಿಲ್ಲದೆ ಮಡಿಕೆಯಿಲ್ಲದೆ ಅವನ ಮೈಗೆ ಕೂತಿತು. ತೂಕಪ್ಪ ಗೋಣಿ ಉಟ್ಟುಕೊಂಡು ಲಾರಿಯ ಒಳಗೆ ಮಹಾರಾಜನ ಹಾಗೆ ಕಾಲು ಚಾಚಿ ಕೂತು ಮನೆಗೆ ಹೋದ. ಅಜ್ಜಿ ಕಿಟಕಿಯಲ್ಲಿ ಕಾದಿದ್ದಳು.

“ಏನಪ್ಪಾ, ಇವತ್ತು ಚೀಲದ ತೂಕ ಸೇರಿಸಿಯೇ ಬಂದ್ಯಾ?”

ದರ್ಜಿಯ ಅಂಗಡಿಯಲ್ಲಿ ಮಾರನೆಯ ಬೆಳಗ್ಗೆ ಗಂಡ ಹೆಂಡತಿ ಹೋದಾಗ ನಡೆದ ಪಂಚಾಯ್ತಿ ಸಣ್ಣದೇನಲ್ಲ. ನಾನು ಮೊದಲೇ ಕಳೆದಿದ್ದೆ ಎಂದ ದರ್ಜಿ. ನೀವು ಹೇಳಿದಿರೆಂದು ಮತ್ತೆ ಕಳೆದೆ, ನಿಮ್ಮಾಕೆ ಹೇಳಿದರೆಂದು ಇನ್ನೊಂದು ಸಲ ಕಳೆದೆ. ಅಷ್ಟೆಲ್ಲಾ ಕಳೆದಿದ್ದೀರೆಂದು ನನಗೆ ಯಾಕೆ ಹೇಳಲಿಲ್ಲ, ನಾನೂ ಕಳೆದೆನಲ್ಲ ಎಂದು ಯಂತ್ರದ ಹಿಂದಿನಿಂದ ದನಿ ಬಂತು. ನಾಲ್ವರೂ ಆ ಹಲಗೆಯಂಥ ಬಟ್ಟೆಯನ್ನು ಒಂದೊಂದು ಸಲ ಎಳೆದು ನೋಡಿದರು. ಕೊನೆಗೆ ಅದೇ ಥಾನಿನಿಂದ ಇನ್ನೊಂದು ತುಂಡು ತಂದುಕೊಟ್ಟರೆ ಕೂಲಿಯಿಲ್ಲದೆ ಹೊಲಿದುಕೊಡುತ್ತೇನೆಂದು ದರ್ಜಿ ಒಪ್ಪಿದ. ಸ್ವೆಟರು ಬಿಚ್ಚಿ ನಿಲ್ಲಬೇಕು, ಯಾರೂ ಬಾಯಿ ಹಾಕಬಾರದು ಎಂಬುದು ಅವನ ಷರತ್ತು.

“ನೆರಿಗೆ?” ಎಂದ.

“ಎರಡು ಹಾಕಿ” ಎಂದ ತೂಕಪ್ಪ.

ಅಲ್ಲಿಂದ ಅವನು ನೇರ ಕೆಲಸಕ್ಕೆ ಹೋದ. ತೊಟ್ಟಿದ್ದದ್ದು ಭಾವನದೇ ಇನ್ನೊಂದು ಹಳೆಯ ಪ್ಯಾಂಟು, ಸೊಂಟಕ್ಕೆ ಅದೇ ಬೆಲ್ಟು. ಹೊಸ ಕುರ್ಚಿಯ ಮೇಲೆ ಕುಳಿತು ಚೀಲ ತೂಗುತ್ತಿದ್ದಾಗ ಬಾಗಿಲಲ್ಲಿ ಲಾರಿ ಬಂದು ನಿಂತಿತು. ಹಮಾಲರು ಚೀಲ ಇಳಿಸುವುದನ್ನು ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿದರು. ಕಿಟಕಿಯಿಂದ ಭಾವನ ತಲೆ ಹೊರಬಂತು. ಅವನು ಬಾಯಿ ತೆರೆಯುವುದಕ್ಕೆ ಮೊದಲೇ ತೂಕಪ್ಪ, ಪರವೂರಿಗೆ ಮದುವೆ ಮಾಡಿಕೊಟ್ಟ ಮಗಳ ಕ್ಷೇಮ ವಿಚಾರಿಸುವ ದನಿಯಲ್ಲಿ ಕೇಳಿದ.

“ಏನ್ ಭಾವ, ನನ್ನ ಪ್ಯಾಂಟು ಹೇಗಿದೆ?”

ಭಾವ ಬಗ್ಗಿ ತನ್ನ ಮೊಣಕಾಲು ನೋಡಿಕೊಂಡ.

“ಚೆನ್ನಾಗಿದೆ ಕಣಯ್ಯಾ. ನಿನ್ನನ್ನ ಕೇಳ್ತಿತ್ತು.”

“ಮೊಣಕಾಲಲ್ಲಿ ಸವೆದಿತ್ತಲ್ಲ?”

“ಪರವಾಗಿಲ್ಲ.”

“ನೋಡ್ಕೊಳ್ಳಿ” ಎಂದ ತೂಕಪ್ಪ, ಮುಂದಿನ ಚೀಲಕ್ಕೆ ಕೈ ತೋರಿಸುತ್ತ. “ವಾಪಸ್ ಏನೂ ಬೇಡ.”